ಒಗ್ಗರಣೆ ಇಲ್ಲದ ಪದಾರ್ಥ

ಅರವತ್ತರ ದಶಕದ ಒಂದು ಬೇಸಿಗೆಯಲ್ಲಿ ನಮ್ಮ ಅತ್ತೆಗೆ ಅಮ್ಮ ಬಂದಳು. ಅಮ್ಮ ಎಂದರೆ ಸೀತಾಳೆ ಸಿಡುಬು. ಐವತ್ತು ದಾಟಿದ ಮೇಲೆ ಬಂದದ್ದರಿಂದ ಮೈತುಂಬ ಎದ್ದಿತ್ತು. ನನಗೆ ಚಿಕ್ಕಂದಿನಲ್ಲೇ ಆಗಿ ಹೋಗಿದ್ದರಿಂದ ಆರೈಕೆ ನನ್ನ ಪಾಲಿಗೆ ಬಂತು. ಬೆಳ್ಳಾರೆ ಪೇಟೆಯಲ್ಲಿ ಗಂಡನ ಹೊಲಿಗೆ ಅಂಗಡಿ, ಅದರ ಹಿಂದೆಯೇ ನಮ್ಮ ಮನೆ. ಮದುವೆಯಾಗಿ ಆಗ ವರ್ಷವೂ ತುಂಬಿರಲಿಲ್ಲ.

ಅಮ್ಮ ಬಂದ ಮನೆಯಲ್ಲಿ ಮೀನಿಲ್ಲ, ಖಾರವಿಲ್ಲ, ಒಗ್ಗರಣೆಯಂತೂ ಇಲ್ಲವೇ ಇಲ್ಲ. ಎಣ್ಣೆಯಲ್ಲಿ ಸಾಸಿವೆ ಸಿಡಿದರೆ ಮೈಮೇಲಿನ ಗುಳ್ಳೆಗಳೂ ಕೆರಳುತ್ತವೆ ಎಂದು ನಂಬಿಕೆ. ಬೇವಿನ ನೀರಿನಲ್ಲಿ ಮೂರು ಸಲ ಮೀಯಿಸುವ ತನಕ ಈ ಕಟ್ಟು. ಒಣಮೀನಿನ ಚಟ್ನಿ ಇಲ್ಲದೆ ಗಂಜಿ ಮುಟ್ಟದ ಹೆಂಗಸು ಸಪ್ಪೆ ಗಂಜಿಯನ್ನು ನೋಡಿ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಮೊದಲೇ ಸಪೂರ ಮೈ, ಇನ್ನಷ್ಟು ಸೊರಗಿತು.

ಬೇವಿನ ಎರಡನೆಯ ನೀರು ಆದ ಮೇಲೆ ನಾದಿನಿ ಗುಂಡ್ಯದಿಂದ ಬಂದಳು. ತಾಯಿಯನ್ನು ನೋಡಿದವಳೇ ನನ್ನ ಕಡೆ ತಿರುಗಿದಳು. “ಎಂತ ಮಾರಾಯ್ತಿ, ಹೀಗೆಯಾ ನೋಡಿಕೊಳ್ಳುದು? ನಾಳೆಯೂ ಉಣ್ಣದಿದ್ದರೆ ನಾನು ಕರಕೊಂಡು ಹೋಗ್ತೇನೆ. ಆಮೇಲೆ ನನ್ನಮ್ಮ ನಮ್ಮಲ್ಲೇ ಇರಲಿ.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಸಿಟ್ಟಿಗಿಂತ ಹೆದರಿಕೆಯೇ ದೊಡ್ಡದು. ನಾನು ತಾಯಿಯಿಲ್ಲದೆ ಬೆಳೆದವಳು. ನನ್ನ ತಲೆಗೆ ಎಣ್ಣೆ ಹಾಕಿ ಬೈಯುತ್ತಾ ಬಾಚಿದ ಮೊದಲ ಹೆಂಗಸು ಈ ಅತ್ತೆ. ಅವಳು ಹೋದರೆ ಆ ಮನೆಯಲ್ಲಿ ನನಗೆ ಏನಿತ್ತು, ಹೊಲಿಗೆ ಯಂತ್ರದ ಸದ್ದು ಮಾತ್ರ.

ಪಕ್ಕದ ಮನೆಯ ಕ್ರಿಸ್ತಿಯನ್ ಹೆಂಗಸು ಬೇಲಿಯ ಆಚೆಯಿಂದಲೇ ದಿನಾ ವಿಚಾರಿಸುತ್ತಿದ್ದಳು. ಆ ಸಂಜೆ ನನ್ನ ಮೋರೆ ನೋಡಿ, ಇಗರ್ಜಿಯಲ್ಲಿ ಹಂಚಿದ್ದ ಅಮೆರಿಕದ ಗೋಧಿ ನುಚ್ಚು, ಹಾಲಿನ ಪುಡಿ, ಒಂದು ತುಂಡು ಚೀಸ್ ತಂದು ಬೇಲಿಯ ಕಲ್ಲಿನ ಮೇಲೆ ಇಟ್ಟಳು. “ಅದು ಸಾಬೂನು ಅಲ್ಲ ಆಯ್ತಾ, ಹಾಲಿನದ್ದೇ,” ಎಂದಳು. ನಾನು ಸಾಬೂನು ಎಂದೇ ತಿಳಿದಿದ್ದೆ.

ಈಗಿನವರು ಕುಸ್‌ಕುಸ್ ಎನ್ನುತ್ತಾರಲ್ಲ, ಆ ನುಚ್ಚು ಹೆಚ್ಚುಕಡಿಮೆ ಅದೇ ಜಾತಿ. ನಮಗೆ ಗೊತ್ತಿದ್ದದ್ದು ಕುಚ್ಚಿಲಕ್ಕಿ ಬೇಯಿಸುವುದು. ಹಾಗಾಗಿ ಮರುದಿನ ಬೆಳಿಗ್ಗೆ ಅದನ್ನೂ ಗಂಜಿಯ ಹಾಗೆ ಕೊಡಪಾನದಷ್ಟು ನೀರಿಗೆ ಹಾಕಿ, ಬೆಂಕಿ ದೂಡಿ, ಬಟ್ಟೆ ಒಗೆಯಲು ಹೋದೆ. ಬಂದು ನೋಡಿದರೆ ಕಾಳೂ ಇಲ್ಲ, ನೀರೂ ಇಲ್ಲ, ಅಂಟಿನಂಥ ಮುದ್ದೆ. ಅಳು ಬಂತು. ಉಳಿದದ್ದು ಎರಡು ಹಿಡಿ ನುಚ್ಚು. ಈ ಸಲ ಬಿಸಿನೀರು ಹೊಯ್ದು ಮುಚ್ಚಿಟ್ಟೆ, ಅಷ್ಟೆ. ತನ್ನಷ್ಟಕ್ಕೆ ಅರಳಿತು. ಮೆತ್ತಗೆ ಬೆಂದ ಸಿಹಿಗುಂಬಳ ಸೇರಿಸಿ, ಹಾಲಿನ ಪುಡಿಯನ್ನು ದಪ್ಪಗೆ ಕದಡಿ ಹೊಯ್ದೆ. ಚೀಸನ್ನು ತೆಂಗಿನಕಾಯಿ ತುರಿಯುವ ಮಣೆಯಲ್ಲಿ ತುರಿದು ಹಾಕಿದೆ. ಅದು ಕರಗಿ ಎಲ್ಲವೂ ಹೊಂದಿಕೊಂಡು ಕೆನೆಯಂತಾಯಿತು. ಸೌಟು ಎತ್ತಿದರೆ ನೂಲು ನೂಲಾಗಿ ಎಳೆ ಬರುತ್ತಿತ್ತು.

ಅತ್ತೆಯ ಮುಂದಿಟ್ಟೆ. “ಗಂಜಿ ಎಲ್ಲಿ? ಗೋಧಿಯಲ್ಲಿ ಊಟ ಮಾಡುದುಂಟಾ?” ಎಂದಳು. ಸರಿ, ಗಂಜಿಯನ್ನೂ ಬಡಿಸಿ ಇದನ್ನು ಪಕ್ಕದಲ್ಲಿ ನೆಂಚಿಕೊಳ್ಳುವ ಪದಾರ್ಥದ ಹಾಗೆ ಹಾಕಿದೆ. ಬೆರಳಲ್ಲಿ ತೆಗೆದು ನಾಲಿಗೆಗೆ ಹಚ್ಚಿ, “ಗಿಣ್ಣಿನ ಹಾಗೆ ಉಂಟಲ್ಲ,” ಎಂದು ಒಂದು ತುತ್ತು ಗಂಜಿ ಉಂಡಳು. ಕುಡಿಯಲು ನೀರು ತರಲೆಂದು ನಾನು ಅಡುಗೆಮನೆಗೆ ಹೋದೆ.

ಅಲ್ಲಿ ಒಲೆಯ ಹತ್ತಿರ ನಾದಿನಿ ಪಾತ್ರೆಯಲ್ಲಿ ಉಳಿದದ್ದನ್ನು ರುಚಿ ನೋಡುತ್ತಿದ್ದಳು. “ಶೀ, ಸಪ್ಪೆ. ಇದನ್ನು ಉಂಡರೆ ಇದ್ದ ಹಸಿವೂ ಹೋದೀತು. ಎರಡು ನೀರು ಆಯ್ತಲ್ಲ, ಇನ್ನೆಂತ ಹೆದರಿಕೆ?” ಎಂದು ಎಣ್ಣೆ ಬಿಸಿಗಿಟ್ಟು ಬೆಳ್ಳುಳ್ಳಿ ಜಜ್ಜತೊಡಗಿದಳು. ಅವಳದ್ದೂ ತಾಯಿ ಉಣ್ಣಲಿ ಎಂಬ ಆಸೆಯೇ. ಆದರೆ ಗುಳ್ಳೆ ಕೆರಳಿದರೆ ಬೈಗುಳ ಯಾರಿಗೆ?

ಎಣ್ಣೆಯ ವಾಸನೆ ಒಳಕೋಣೆಗೆ ಹೋಗಿರಬೇಕು. ಮೀಯಿಸಲೂ ಇಬ್ಬರು ಹಿಡಿದು ಎಬ್ಬಿಸಬೇಕಾಗಿದ್ದ ಅತ್ತೆ ಒಂದು ಕೈಯಲ್ಲಿ ಬಟ್ಟಲು, ಇನ್ನೊಂದರಲ್ಲಿ ಗೋಡೆ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ಮೈ ನಡುಗುತ್ತಿತ್ತು, ಸ್ವರ ಮಾತ್ರ ಹಳೆಯದೇ.

“ಯಾರು ಒಗ್ಗರಣೆ ಹಾಕುದು? ಇಳಿಸು ಆ ಎಣ್ಣೆ. ಅದು ನನ್ನ ಸೊಸೆ ಮಾಡಿದ ಪದಾರ್ಥ. ಇರುವ ಹಾಗೆಯೇ ಬೇಕು ನನಗೆ.”

ನಾದಿನಿ ತೆಪ್ಪಗೆ ಬಾಣಲೆ ಇಳಿಸಿದಳು. ಅತ್ತೆ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತು, ಬಟ್ಟಲನ್ನು ನನ್ನ ಕಡೆ ಚಾಚಿದಳು.

“ಇನ್ನೊಂದು ಸೌಟು ಹಾಕು. ಇವಳ ಬಸ್ಸು ಎಷ್ಟು ಹೊತ್ತಿಗೆ ಅಂತ ಅಂಗಡಿಯಲ್ಲಿ ಕೇಳಿ ಬಾ. ಇವಳಿಗೆ ಒಬ್ಬಳಿಗೇ ಸೀಟು ಸಾಕು.”