ಸೇತುವೆಯಾಚೆಯ ಅಕ್ಕ

ಕಾಲೇಜಿನಲ್ಲಿ ಅಂತರರಾಷ್ಟ್ರೀಯ ಸಂಬಂಧಗಳ ಪಾಠ ಮಾಡುತ್ತಿದ್ದ ಅವರಿಗೆ ವಿದ್ಯಾರ್ಥಿಗಳು ಇಟ್ಟಿದ್ದ ಹೆಸರು 'ಆದರೆ ಮೇಡಂ'. ಯಾವ ಸಿದ್ಧಾಂತ ವಿವರಿಸಿದರೂ ಕೊನೆಗೆ ಸೀಮೆಸುಣ್ಣ ಕೆಳಗಿಟ್ಟು 'ಆದರೆ' ಎನ್ನದೆ ಅವರು ಬಿಡುತ್ತಿರಲಿಲ್ಲ. ದೇಶಗಳನ್ನು ಹದ್ದುಬಸ್ತಿನಲ್ಲಿಡಲು ಮೇಲೆ ಪೊಲೀಸರಿಲ್ಲ, ಪ್ರತಿಯೊಂದೂ ತನ್ನನ್ನು ತಾನೇ ಕಾಯ್ದುಕೊಳ್ಳಬೇಕು ಎನ್ನುತ್ತದೆ ವಾಸ್ತವವಾದ. ಆದರೆ ವ್ಯಾಪಾರ, ಒಪ್ಪಂದಗಳಿಂದ ದೇಶಗಳು ಒಂದಕ್ಕೊಂದು ಹೆಣೆದುಕೊಂಡಿವೆಯಲ್ಲ ಎನ್ನುತ್ತದೆ ಉದಾರವಾದ. ಆದರೆ ಶತ್ರು ಯಾರು, ಮಿತ್ರ ಯಾರು ಎಂಬುದೂ ಜನ ಆಡಿ ಆಡಿ ಕಟ್ಟಿಕೊಂಡದ್ದೇ ಎನ್ನುವವರೂ ಇದ್ದಾರೆ. ಪರೀಕ್ಷೆಗೆ ಯಾವುದನ್ನು ಬರೆಯಬೇಕು ಎಂದು ಕೇಳಿದರೆ, "ಮೂರನ್ನೂ ಬರೀರಿ, ಆಮೇಲೆ ಸ್ವಲ್ಪ ತಲೆ ಓಡಿಸಿ" ಎನ್ನುತ್ತಿದ್ದರು. ಆ ಉಸಾಬರಿಯೇ ಬೇಡವೆಂದು ಹೆಚ್ಚಿನವರು ಮೂರನ್ನೂ ಬರೆದು ಕೈತೊಳೆದುಕೊಳ್ಳುತ್ತಿದ್ದರು.

ಕಾಲೇಜು ಇದ್ದದ್ದು ನದಿಯ ದಡದಲ್ಲಿ. ನದಿಯ ನಡುಮಧ್ಯವೇ ಗಡಿ. ತರಗತಿಯ ಕಿಟಕಿಯಿಂದ ಸೇತುವೆ ಕಾಣುತ್ತಿತ್ತು, ಸೇತುವೆಯಾಚೆ ಇನ್ನೊಂದು ದೇಶದ ಊರು. ಆ ಊರಿನಲ್ಲಿ ಮೇಡಂ ಅವರ ಅಕ್ಕ ಇದ್ದಳು. ತಾಯಿ ಬೇಗ ತೀರಿಕೊಂಡಿದ್ದರಿಂದ ತಂಗಿಗೆ ತಲೆ ಬಾಚಿ, ಕೈಹಿಡಿದು ಶಾಲೆಗೆ ಬಿಟ್ಟು ಬಂದವಳು ಅವಳೇ. ಮದುವೆಯಾಗಿ ಆಚೆ ದಡ ಸೇರಿದ ಮೇಲೂ ಭಾನುವಾರ ಬಂತೆಂದರೆ ತಂಗಿ ಬಸ್ಸು ಹತ್ತಿ ಅಕ್ಕನ ಮನೆಗೆ ಹೋಗುವುದು ತಪ್ಪುತ್ತಿರಲಿಲ್ಲ.

ಒಂದು ಬೇಸಿಗೆಯಲ್ಲಿ ಆಚೆಯವರು ಸೇತುವೆಯ ತುದಿಯಲ್ಲಿ ಕಾವಲು ಗೋಪುರ ಕಟ್ಟಿದರು. ಕಳ್ಳಸಾಗಣೆ ತಡೆಯುವುದಕ್ಕೆ ಎಂದರು. ಈಚೆಯವರು ನಂಬಲಿಲ್ಲ, ತಮ್ಮ ತುದಿಯಲ್ಲಿ ಮರಳಿನ ಮೂಟೆ ಪೇರಿಸಿದರು. ಮೂಟೆ ಕಂಡು ಆಚೆಯವರು ಗೋಪುರಕ್ಕೆ ಬಂದೂಕು ಏರಿಸಿದರು. ಬಂದೂಕು ಕಂಡು ಈಚೆ ಸೇನೆಯ ಲಾರಿಗಳು ಬಂದು ನಿಂತವು. ಕೊನೆಗೊಂದು ಬೆಳಿಗ್ಗೆ ಎರಡೂ ತುದಿಯ ಗೇಟುಗಳು ಮುಚ್ಚಿದವು.

"ಮೊದಲು ಶುರು ಮಾಡಿದ್ದು ಅವರೇ ತಾನೆ ಮೇಡಂ?" ಎಂದು ಹಿಂದಿನ ಬೆಂಚಿನ ಒಬ್ಬ ಹುಡುಗಿ ಕೇಳಿದಳು. ಅವಳ ಅಣ್ಣ ಸೇನೆಯಲ್ಲಿದ್ದ, ಅದೇ ಮೂಟೆಗಳ ಹಿಂದೆ ಕಾವಲಿಗಿದ್ದ.

"ಅವರನ್ನ ಕೇಳಿದ್ರೆ ನಮ್ಮ ಮೂಟೆ ಕಡೆ ಬೆರಳು ತೋರಿಸ್ತಾರೆ. ಒಬ್ಬರು ತಮ್ಮ ರಕ್ಷಣೆಗೆ ಅಂತ ಮಾಡಿದ್ದು ಇನ್ನೊಬ್ಬರಿಗೆ ಬೆದರಿಕೆಯಾಗಿ ಕಾಣುತ್ತೆ. ಅವರೂ ತಯಾರಾಗ್ತಾರೆ. ಅದನ್ನ ನೋಡಿ ಇವರಿಗೆ ಇನ್ನಷ್ಟು ಭಯ. ಇದನ್ನೇ ಭದ್ರತಾ ಸಂದಿಗ್ಧ ಅನ್ನೋದು."

"ನಿಮ್ಮ ಅಕ್ಕ ಆ ಕಡೆ ಇದ್ದಾರಂತೆ. ಅದಕ್ಕೇ ನೀವು ಹೀಗೆ ಹೇಳ್ತೀರಿ."

ಮೇಡಂ ಸೀಮೆಸುಣ್ಣ ಕೆಳಗಿಟ್ಟು, "ಇದ್ದಾಳೆ. ನಿನ್ನ ಅಣ್ಣ ಈ ಕಡೆ ಇದ್ದಾನೆ. ನಮ್ಮಿಬ್ಬರಿಗೂ ಹೆದರಿಕೆ ಇದೆ" ಎಂದರು. ಹುಡುಗಿ ತಲೆ ತಗ್ಗಿಸಿದಳು.

ಸಂಜೆಯೊಳಗೆ ಮಾತು ಪ್ರಾಂಶುಪಾಲರ ಕಿವಿಗೆ ಬಿತ್ತು. "ಈ ವರ್ಷ ಆ ಅಧ್ಯಾಯ ಬಿಟ್ಬಿಡಿ" ಎಂದರು.

"ಪಠ್ಯದಲ್ಲಿದೆ ಸರ್."

"ಪಠ್ಯದಲ್ಲಿದ್ರೆ ತೊಂದರೆಯಿಲ್ಲ ಮೇಡಂ. ಕಿಟಕಿ ಹೊರಗೂ ಇದೆಯಲ್ಲ, ಅದೇ ತೊಂದರೆ."

ಮೇಡಂ ಅಧ್ಯಾಯ ಬಿಡಲಿಲ್ಲ, ಕಿಟಕಿ ಬಿಟ್ಟರು. ಸೈಕಲ್ ಸ್ಟ್ಯಾಂಡಿನ ಕಡೆಗಿದ್ದ ಕೋಣೆಗೆ ತರಗತಿಯನ್ನು ಬದಲಾಯಿಸಿಕೊಂಡು ಪಾಠ ಮುಗಿಸಿದರು.

ಅಕ್ಕನಿಗೆ ಫೋನು ಮಾಡುವುದು ಮಾತ್ರ ನಡೆದೇ ಇತ್ತು. ಒಂದು ಭಾನುವಾರ ಅಕ್ಕ, "ನಿಮ್ಮವರು ಲಾರಿಗಳನ್ನ ತಂದು ನಿಲ್ಸಿದ್ದಾರಲ್ಲೇ. ನಿನ್ನ ಭಾವನಿಗೆ ನಿದ್ದೆನೇ ಇಲ್ಲ" ಎಂದಳು.

"ನಿಮ್ಮವರು ಗೋಪುರ ಕಟ್ಟದೇ ಇದ್ದಿದ್ರೆ ನಮ್ಮವರು ಯಾಕೆ ತಂದು ನಿಲ್ಲಿಸ್ತಿದ್ರು?"

"ನಿಮ್ಮವರು, ನಮ್ಮವರು ಅನ್ನೋದನ್ನ ಯಾವಾಗ ಕಲಿತೆ ನೀನು?"

"ನೀನೇ ಮೊದಲು ಅಂದಿದ್ದು."

ಅಕ್ಕ ಫೋನು ಇಟ್ಟುಬಿಟ್ಟಳು.

ತರಗತಿಯಲ್ಲಿ ಅಷ್ಟು ಬಿಡಿಸಿ ಹೇಳಿದ್ದನ್ನು ತಾನೇ ಮರೆತೆನಲ್ಲ ಎಂದು ಮೇಡಂಗೆ ನಾಚಿಕೆಯಾಯಿತು. ಆದರೂ ಮತ್ತೆ ಫೋನು ಮಾಡಲು ಕೈ ಬರಲಿಲ್ಲ. ಇಟ್ಟವಳು ಅವಳು, ಅವಳೇ ಮಾಡಲಿ ಎಂದು ಕುಳಿತರು. ಆಚೆ ದಡದಲ್ಲಿ ಅಕ್ಕನೂ ಹಾಗೇ ಬಿಗುಮಾನದಲ್ಲಿ ಕುಳಿತಿದ್ದಳು. ಹೀಗೆ ವಾರಗಳು ಉರುಳಿದವು. ಫೋನು ಬಡಿದುಕೊಂಡಾಗಲೆಲ್ಲ ಮೇಡಂ ಮುಖ ಅರಳುತ್ತಿತ್ತು, ಬೇರೆಯವರ ದನಿ ಕೇಳಿ ಮತ್ತೆ ಬಾಡುತ್ತಿತ್ತು.

ಅವರ ಗಂಡ ನೀರು ಸರಬರಾಜು ಕೇಂದ್ರದಲ್ಲಿ ಎಂಜಿನಿಯರ್. ಎರಡೂ ಊರಿನ ನಲ್ಲಿಗಳಿಗೆ ನೀರು ಬರುತ್ತಿದ್ದುದು ಸೇತುವೆಯ ಕೆಳಗೆ ನದಿಯಲ್ಲೇ ಕಟ್ಟಿದ್ದ ಒಂದೇ ಬಾವಿಯಿಂದ. ಸೇತುವೆ ಮುಚ್ಚಿದ ಮೇಲೆ ಬಾವಿಯ ಜಾಲರಿ ಶುಚಿ ಮಾಡುವವರಿಲ್ಲದೆ ಹೂಳು ತುಂಬಿ, ಎರಡೂ ಕಡೆ ಕೆಂಪು ನೀರು ಬರತೊಡಗಿತು. ಗಂಡ ದಿನಾ ಬೆಳಿಗ್ಗೆ ಆಚೆಯ ಎಂಜಿನಿಯರ್ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದರು.

"ಅವರ ಹತ್ರ ಅಷ್ಟು ಹೊತ್ತು ಏನು ಮಾತಾಡ್ತೀರಿ?" ಎಂದು ಮೇಡಂ ಕೇಳಿದರು.

"ಹೂಳಿನ ವಿಷಯ. ಗಡಿ ಮಾತು ಅವನೂ ಎತ್ತಲ್ಲ, ನಾನೂ ಎತ್ತಲ್ಲ. ಎತ್ತಿದ್ರೆ ಕೆಲಸ ಕೆಡುತ್ತೆ."

ದೊಡ್ಡ ಜಗಳ ಹಾಗೇ ಇರಲಿ, ಅಂಚೆಯಂಥ, ನೀರಿನಂಥ ಕೆಲಸಗಳಲ್ಲಿ ದೇಶಗಳು ಕೈಜೋಡಿಸಿದರೆ ನಂಟು ತಾನಾಗಿ ಬೆಳೆಯುತ್ತದೆ ಎನ್ನುವ ವಾದವೊಂದಿದೆ. ಮೇಡಂ ಅದನ್ನು ಪ್ರತಿವರ್ಷ ಅರ್ಧ ತಾಸಿನಲ್ಲಿ ಮುಗಿಸಿ, ಒಂದು 'ಆದರೆ' ಸೇರಿಸಿ ಮುಂದೆ ಹೋಗುತ್ತಿದ್ದರು. ಆ ಬೆಳಿಗ್ಗೆ ಗಂಡ ಕೆಲಸಕ್ಕೆ ಹೊರಟ ಮೇಲೆ ಅಕ್ಕನಿಗೆ ಫೋನು ಮಾಡಿದರು.

"ನಲ್ಲೀಲಿ ನೀರು ಕೆಂಪಗೆ ಬರ್ತಿದೆಯಾ?"

"ಬರ್ತಿದೆ. ಬಟ್ಟೇಲಿ ಸೋಸ್ತಾ ಇದೀನಿ. ಅಲ್ಲೂನಾ?"

"ಇಲ್ಲೂ."

"ಕಾಯಿಸಿ ಕುಡಿಯೇ. ನಿನಗೆ ಬೇಗ ಹೊಟ್ಟೆ ಕೆಡುತ್ತೆ."

ಮೇಡಂ ಫೋನು ಹಿಡಿದೇ ಒಲೆಯ ಮೇಲೆ ನೀರಿಟ್ಟರು. ಹೂಂ ಎಂದಷ್ಟೇ ಹೇಳಿದರು.

ಜನ ಕೊಡ ಹಿಡಿದು ಎರಡೂ ಕಡೆ ನಗರಸಭೆಗಳ ಮುಂದೆ ಕುಳಿತಾಗ ಅಧಿಕಾರಿಗಳು ಸೋತರು. ಎರಡೂ ಕಡೆಯ ಕೆಲಸಗಾರರು ಸೈನಿಕರ ಕಣ್ಣೆದುರಿಗೇ ಒಟ್ಟಿಗೆ ಬಾವಿಗಿಳಿದು ಹೂಳೆತ್ತಿದರು. ಏನೂ ಅನಾಹುತ ಆಗಲಿಲ್ಲ. ಅದನ್ನೇ ನೆಪ ಮಾಡಿಕೊಂಡು ವಾರಕ್ಕೊಂದು ಬೆಳಿಗ್ಗೆ ನಡೆದು ಹೋಗುವವರಿಗೆ ಗೇಟು ತೆರೆದರು. ಗೋಪುರವೇನೂ ಇಳಿಯಲಿಲ್ಲ. ಲಾರಿಗಳೂ ಕದಲಲಿಲ್ಲ.

ಮೊದಲ ಬೆಳಿಗ್ಗೆಯೇ ಮೇಡಂ ಸಾಲಿನಲ್ಲಿ ನಿಂತರು. ತಪಾಸಣೆಯ ಶೆಡ್ಡಿನಾಚೆ ಅಕ್ಕ ಒಬ್ಬಳೇ ಬಂದಿದ್ದಳು, ಸ್ವಲ್ಪ ಇಳಿದುಹೋಗಿದ್ದಳು. ಕೈ ಹಿಡಿದುಕೊಂಡವಳು ಬಿಡಲೇ ಇಲ್ಲ.

"ಭಾವ ಎಲ್ಲಿ?"

"ಲಾರಿ ಹೋಗೋವರೆಗೂ ಸೇತುವೆ ಹತ್ರ ಬರಲ್ಲ ಅಂತಾರೆ. ಎಷ್ಟು ಹೇಳಿದ್ರೂ ಕೇಳಲ್ಲ."

"ಹಾಗಾದ್ರೆ ನಾನೇ ಮನೆಗೆ ಬರ್ತೀನಿ ನಡಿ."

"ಜಗಳ ಆಡ್ತಾರೆ ನಿನ್ನ ಹತ್ರ."

"ಆಡ್ಲಿ" ಎಂದು ಮೇಡಂ ಅಕ್ಕನ ಚೀಲವನ್ನೂ ತಾವೇ ಎತ್ತಿಕೊಂಡು ಹೊರಟರು.