ಹಂಡೆಯ ಬೂದಿ, ಹೀರೆಯ ಬೀಜ

ಮೊನ್ನೆ ಮಾಳಿಗೆಯ ಮೇಲಿನ ಕುಂಡಕ್ಕೆ ನೀರು ಹಾಕಿದೆ. ಇಂಗಲಿಲ್ಲ; ಮೇಲೆಯೇ ನಿಂತು ನನ್ನ ಮುಖ ನನಗೇ ತೋರಿಸಿತು. ಮಣ್ಣಿಗೆ ಬೂದಿ ಹಾಕಿದರೆ ಬೀಜ ಬೇಗ ಮೊಳೆಯುತ್ತದೆಂದು ಯಾರೋ ಹೇಳಿದ್ದನ್ನು ನಂಬಿ ಧಾರಾಳವಾಗಿ ಹಾಕಿದ್ದೆ. ಆ ಒದ್ದೆ ಬೂದಿಯ ವಾಸನೆಗೆ ಗಂಗವ್ವತ್ತಿ ನೆನಪಾದಳು.

ನೆನಪು ಅಂದೆ, ನಂಬುವಾಗ ತುಸು ಹುಷಾರಾಗಿರಿ. ಯುನಿವರ್ಸಿಟಿಯಲ್ಲಿ ನಾನು ಸರಿಯಾಗಿ ಕಲಿತದ್ದು ಸಂಶಯಪಡುವುದೊಂದನ್ನೇ. ಈಗ ಆ ಚಟ ನನ್ನ ತಲೆಯೊಳಗಿನ ಹಿತ್ತಲನ್ನೂ ಬಿಡುವುದಿಲ್ಲ.

ನನ್ನ ಬಾಲ್ಯದ ಮಾತು. ನಮಗೆ ಸ್ವಾತಂತ್ರ್ಯ ಬಂದಿತ್ತು. ಮುಂಡರಗಿಯಿಂದ ಸ್ವಲ್ಪ ಆಚೆ, ಕೊಪ್ಪಳದ ಕಡೆ, ಇನ್ನೂ ನಿಜಾಮರ ಆಳ್ವಿಕೆ. ರಜಾಕಾರರ ಗದ್ದಲ ಹೆಚ್ಚಿದಾಗ ಅಪ್ಪನ ತಂಗಿ ಗಂಗವ್ವತ್ತಿ ಅಲ್ಲಿಂದ ಮುಂಡರಗಿಯ ನಮ್ಮ ಮನೆಗೆ ಓಡಿಬಂದಳು. ಅವಳ ಗಂಡ, ನಮ್ಮ ಮಾವ, ಆ ಊರಲ್ಲೇ ಉಳಿದ. ಅವಳ ಸೆರಗಿನ ತುದಿಯಲ್ಲಿ ತನ್ನ ಹಿತ್ತಲಿನ ಹೀರೆಬೀಜದ ಗಂಟೊಂದಿತ್ತು.

ಬಂದ ವಾರವೇ ಅರ್ಧ ಬೀಜ ಊರಿ, ಸ್ನಾನದ ಹಂಡೆಯ ಒಲೆಯ ಬೂದಿಯನ್ನೆಲ್ಲ ಮಡಿಗೆ ಸುರಿದಳು. ಅವಳ ಊರಿನ ಕೆಂಪು ಮಣ್ಣಿಗೆ ಅದು ಒಗ್ಗುತ್ತಿತ್ತಂತೆ. ನಮ್ಮದು ಕಪ್ಪು ಎರೆಮಣ್ಣು, ಮೊದಲೇ ಉಪ್ಪುಪ್ಪಾದ ಸವಳು; ಬೂದಿ ಬಿದ್ದು ಇನ್ನಷ್ಟು ಕೆಟ್ಟಿತು. ಮಡಿ ಗಟ್ಟಿಯಾಗಿ ಬಿರಿಯಿತು. ಮೊಳಕೆಗಳು ಎದ್ದು, ಹಳದಿಯಾಗಿ, ಸತ್ತವು.

"ಗಂಗವ್ವಾ, ಉಳಿದ ಬೀಜ ಹಂಗ ಇಟ್ಟಿರು. ಸೆಗಣಿ, ತಪ್ಪಲಾ ಹಾಕಿ ಮಣ್ಣ ಹದಾ ಮಾಡೂನು. ಮುಂದಿನ ಮಳಿಗಿ ಊರೀಯಂತ," ಅಂದಳು ಅವ್ವ.

"ಮುಂದಿನ ಮಳಿಗೀ? ಅಲ್ಲೀತನಾ ನಾ ಇಲ್ಲೇ ಇರಬೇಕೇನ್ರಿ ವೈನಿ? ನಿಮ್ಮ ಬಾಯಾಗ ಒಂದ ಒಳ್ಳೇ ಮಾತ ಬರೂದಿಲ್ಲಲ್ಲಾ!"

ಅವ್ವನ ಪರವಾಗಿ ಅವಳು ತಿಕ್ಕುತ್ತಿದ್ದ ಪಾತ್ರೆಗಳು ಮಾತಾಡಿದವು. ಮಣ್ಣು ಹದ ಮಾಡಲು ಕೂತರೆ ಮಾವ ಬೇಗ ಬರುವುದಿಲ್ಲವೆಂದು ಒಪ್ಪಿಕೊಂಡಂತೆ. ಅದು ಇಬ್ಬರಿಗೂ ಗೊತ್ತಿತ್ತು.

ಆಮೇಲೆ ಯಾರು ಬಾಗಿಲು ಬಡಿದರೂ ಮನೆಯವರೆಲ್ಲ ಬಾಗಿಲ ಕಡೆ ತಿರುಗುತ್ತಿದ್ದರು. ಬಂದವರು ಖಬರು ತಂದಿದ್ದಾರೋ, ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದಿದ್ದಾರೋ ತಿಳಿಯುವ ತನಕ ಅತ್ತಿ ಆ ಗಂಟನ್ನು ಮುಷ್ಟಿಯಲ್ಲಿ ಹಿಡಿದು ನಿಲ್ಲುತ್ತಿದ್ದಳು. ಒಂದು ದಿನ ಆ ಕಡೆಯಿಂದ ಬಂದವನೊಬ್ಬ ಅವರ ಓಣಿಗೆ ಬೆಂಕಿ ಬಿತ್ತೆಂದ. ಮಾವನ ಸುದ್ದಿ ಕೇಳಿದರೆ, "ನಾ ನೋಡಿಲ್ರೆವಾ" ಎಂದಷ್ಟೇ ಹೇಳಿ ನೀರು ಕುಡಿದು ಹೋದ.

ಮರುದಿನ ಅತ್ತಿ ಬುಟ್ಟಿ ಹಿಡಿದು ಪಕ್ಕದ ಮನೆಯ ದನದ ಕೊಟ್ಟಿಗೆಗೆ ಹೋದಳು. ಬಂದು ಮಡಿಯ ಬೂದಿ ಕೆರೆದು ತೆಗೆದು, ಹಳೆಯ ಸೆಗಣಿಗೊಬ್ಬರ, ಬೇವಿನ ತಪ್ಪಲು, ಶೇಂಗಾಹೊಟ್ಟು ಹಾಸಿ ಮಣ್ಣೆಳೆದಳು. ಅವ್ವ ಹಿಂದೆಯೇ ನೀರು ಹೊಯ್ದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮಳೆ ಬಂತು. ಉಳಿದ ಬೀಜ ಎದ್ದು ಚಪ್ಪರಕ್ಕೆ ಹಬ್ಬಿತು. ಹೈದರಾಬಾದಿಗೆ ಸೈನ್ಯ ಹೋಗಿ ಗದ್ದಲ ಅಡಗಿದ ಮೇಲೆ ಮಾವ ಬಂದ, ಗಡ್ಡ ಬಿಟ್ಟುಕೊಂಡು, ಅರ್ಧ ಆಳಾಗಿ. "ಜಲ್ದಿ ನಡಿ, ಗಾಡಿ ನಿಂತೈತಿ" ಅಂದ.

ಅತ್ತಿ ಚಪ್ಪರದಲ್ಲಿ ಬಲಿಯುತ್ತಿದ್ದ ಹೀರೆಕಾಯಿ ತೋರಿಸಿದಳು. "ಬೀಜಕ್ಕ ಬಿಟ್ಟೀನಿ, ಒಣಗಲಿ. ನಾ ಇಷ್ಟ ದಿನಾ ಕಾಯ್ದಿಲ್ಲೇನು? ಕುಂಡ್ರಿ."

ಮಾವ ಅಲ್ಲೇ, ಬಳ್ಳಿಯ ಕೆಳಗೆ ಕುಳಿತ. ನಕ್ಕನೋ, ಅತ್ತನೋ? ನಾನು ಎರಡನ್ನೂ ನೋಡಿದಂತಿದೆ.

ನಿನ್ನೆ ಕುಂಡ ಬೋರಲು ಹಾಕಿ ಹೆಂಟೆ ಒಡೆದೆ. ಆ ಬೂದಿಮಣ್ಣು ಚೆಲ್ಲಿ, ಹೊಸ ಮಣ್ಣಿಗೆ ಒಣ ಎಲೆ, ಗೊಬ್ಬರ ಬೆರೆಸಿದೆ. ಬೀಜದ ಪೊಟ್ಟಣ ಜೇಬಿನಲ್ಲೇ ಇದೆ. ಊರಿಬಿಡಬೇಕೆಂದು ಬೆರಳುಗಳು ಚಡಪಡಿಸುತ್ತಿವೆ. ಮಣ್ಣು ಹದವಾಗಲೆಂದು ಇನ್ನೂ ಊರಿಲ್ಲ. ಪಕ್ಕದಲ್ಲೊಂದು ಕುರ್ಚಿ ಹಾಕಿಕೊಂಡು ಕುಳಿತಿದ್ದೇನೆ.