ಕಿವಿರು ನೋಡಿ ಹಾಕಿದ ಸಹಿ

ನಿವೃತ್ತಿಯಾಗಿ ಅಂಕೋಲೆಗೆ ಬಂದು ಮನೆ ಮಾಡಿದ ಮೇಲೆ ಸಿಕ್ಕವರೆಲ್ಲ ಕೇಳುವುದು ಒಂದೇ. ‘ಎಷ್ಟು ವಿಮಾನ ಹಾರಿಸಿದ್ರಿ ಅಕ್ಕೋರೆ?’ ಒಂದೂ ಇಲ್ಲ ಎಂದರೆ ಅವರ ಮುಖ ಸಪ್ಪಗಾಗುತ್ತದೆ, ನನಗೆ ರೇಗುತ್ತದೆ. ನಾನು ವಾಯುಪಡೆಯ ಎಂಜಿನಿಯರ್. ಹಾರಿಸುವವರು ಬೇರೆ, ಇದು ಹಾರಬಹುದು ಎಂದು ಸಹಿ ಹಾಕುವವರು ಬೇರೆ. ನಾನು ಎರಡನೆಯ ಜಾತಿ. ಆ ಸಹಿಯ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆ, ಯಾಕೆ ಮುಚ್ಚಿಡಲಿ?

ಆ ವಿದ್ಯೆ ಕಲಿತದ್ದು ದೋಣಿಗಳು ಬಂದು ನಿಲ್ಲುವ ಕಾರವಾರದ ದಕ್ಕೆಯಲ್ಲಿ. ನನ್ನ ತಾಯಿ, ಆಯಿ, ಮೀನು ಮಾರುವವಳು. ದೋಣಿಯವರಿಂದ ಕೊಳ್ಳುವಾಗ ಇಸೋಣ ಮೀನು ಎಷ್ಟೇ ಫಳಫಳ ಹೊಳೆಯಲಿ, ಕಿವಿರು ಎತ್ತಿ ಒಳಗಿನ ಕೆಂಪು ನೋಡಿ, ಮೂಸಿ, ಆಮೇಲೆಯೇ ಬುಟ್ಟಿಗೆ ಹಾಕುತ್ತಿದ್ದಳು. ‘ಬರ್ಫದಲ್ಲಿಟ್ರೆ ಹಳೇ ಮೀನಿನ ಕಣ್ಣೂ ಹೊಳಿತದೆ ತಂಗೀ. ಕಿವಿರು ಸುಳ್ಳು ಹೇಳೂದಿಲ್ಲ’ ಎಂದು ನನಗೆ ಹೇಳುತ್ತಿದ್ದಳು.

ಚೆಂಡಿಯಾ ಊರಿನ ನಮ್ಮ ಜಾಗ ನೌಕಾನೆಲೆಗೆ ಹೋಗಿತ್ತು. ನಾನು ವಾಯುಪಡೆ ಸೇರಿದಾಗ ಆಯಿಯ ತಂಗಿ, ನನ್ನ ಚಿಕ್ಕಿ, ಅವಳನ್ನು ಕಾಡಿಸಿದಳು. ‘ಜಾಗ ನೇವಿಗಾಯ್ತು, ಮಗಳು ಏರ್‌ಫೋರ್ಸಿಗಾಯ್ತು. ಮಿಲ್ಟ್ರಿಗೆ ಎಂತಾ ಕೊಡ್ತೀಯೆ?’

‘ನಿನ್ನ ನಾಲ್ಗೆ ಕೊಡ್ತೆ’ ಎಂದಳು ಆಯಿ.

ಸೇವೆಯ ಕೊನೆಯ ವರ್ಷಗಳಲ್ಲಿ ಹಳೆಯ ಸಾಗಣೆ ವಿಮಾನಗಳನ್ನು ನವೀಕರಿಸುವ ಯೋಜನೆ ನನ್ನ ಕೈಗೆ ಬಂತು. ಆಗ ನಾನು ಏರ್ ಕಮೋಡೋರ್. ಮುಂದಿನ ಮೆಟ್ಟಿಲು ಏರ್ ವೈಸ್ ಮಾರ್ಷಲ್. ಆಸೆಯಿರಲಿಲ್ಲ ಎಂದರೆ ಹಸಿ ಸುಳ್ಳು. ಮೊದಲ ವಿಮಾನ ಹೊಸ ಬಣ್ಣ ಹೊಡೆಸಿಕೊಂಡು ನಿಂತಿತು, ಹಸ್ತಾಂತರದ ದಿನವೂ ಗೊತ್ತಾಯಿತು. ಹಿಂದಿನ ದಿನ ಕಾಗದಗಳನ್ನೆಲ್ಲ ಓದಿದೆ. ಒಂದೂ ತಪ್ಪಿಲ್ಲ. ಆದರೂ ಸಹಿ ಹಾಕಲು ಕೈ ಏಳಲಿಲ್ಲ. ವಿಮಾನದೊಳಗೆ ಹೋಗಿ, ಅದರ ನೆಲದ ಒಂದು ಮುಚ್ಚಳ ತೋರಿಸಿ, ‘ಇದನ್ನು ತೆಗೆಯಿರಿ’ ಎಂದೆ.

‘ಅದು ತಪಾಸಣೆಯ ಪಟ್ಟಿಯಲ್ಲಿಲ್ಲ ಮೇಡಂ’ ಎಂದ ಗುತ್ತಿಗೆ ಕಂಪನಿಯ ಮ್ಯಾನೇಜರ್.

‘ಪಟ್ಟಿ ಹಾರುವುದಿಲ್ಲ, ವಿಮಾನ ಹಾರುತ್ತದೆ. ತೆಗೆಯಿರಿ.’

ಒಳಗೆ ವಯರುಗಳ ಕಟ್ಟೊಂದು ಲೋಹದ ಅಂಚಿಗೆ ಉಜ್ಜಿ ಉಜ್ಜಿ ತಾಮ್ರ ಕಾಣುತ್ತಿತ್ತು. ಪಕ್ಕದಲ್ಲೇ ಇಂಧನದ ಕೊಳವೆ. ಮೇಲೆ ಥಳುಕು, ಒಳಗೆ ಹುಳುಕು. ಹಾರುವವರ ಮನೆಗಳಲ್ಲೂ ಆಯಿಯಂದಿರಿರುತ್ತಾರೆ. ಸಹಿ ಹಾಕುವುದಿಲ್ಲ ಎಂದೆ. ಸಮಾರಂಭ ರದ್ದಾಯಿತು.

ಸಂಜೆ ಮೇಲಧಿಕಾರಿ ಫೋನ್ ಮಾಡಿದರು. ‘ಒಂದು ವಯರು ತಾನೇ, ಆಮೇಲೆ ಸರಿಪಡಿಸಬಹುದಿತ್ತು. ಬಡ್ತಿಯ ಪಟ್ಟಿ ತಯಾರಾಗುತ್ತಿರುವುದು ನೆನಪಿದೆಯಲ್ಲ?’

‘ನೆನಪಿದೆ ಸರ್’ ಎಂದೆ. ಆ ವರ್ಷದ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಕೋಣೆಯ ಬಾಗಿಲು ಹಾಕಿಕೊಂಡು ಅತ್ತೆ. ಮರುದಿನ ಎದ್ದು ಸಾಲಿನಲ್ಲಿದ್ದ ಉಳಿದ ವಿಮಾನಗಳ ಮುಚ್ಚಳಗಳನ್ನೂ ತೆಗೆಸಿದೆ. ಇನ್ನೆರಡರಲ್ಲಿ ಅದೇ ಗಾಯವಿತ್ತು. ಆಮೇಲೆ ಯಾರೂ ಫೋನ್ ಮಾಡಲಿಲ್ಲ.

ಮರುವರ್ಷ ಬಡ್ತಿಯೂ ಬಂತು, ವಿಮಾನವೂ ಸಿದ್ಧವಾಯಿತು. ಹಸ್ತಾಂತರಕ್ಕೆ ಆಯಿಯನ್ನು ಕರೆಸಿಕೊಂಡೆ. ಅಬ್ಬಲಿಗೆ ಹೂವಿನ ದಂಡೆ ಮುಡಿದು ಬಂದಿದ್ದಳು. ಎಲ್ಲರೂ ವಿಮಾನದ ಅಂದ ಹೊಗಳುತ್ತಿದ್ದರೆ ಅವಳು ಮೂತಿಯ ಕೆಳಗೆ ನಿಂತು, ಎಲ್ಲರಿಗೂ ಕೇಳುವಂತೆ, ‘ಇದ್ರ ಕಿವಿರು ಎಲ್ಲದೆ?’ ಎಂದಳು.

ನಗು ಬಂದರೂ ನಾನು ನಗಲಿಲ್ಲ. ಅವಳನ್ನು ಒಳಗೆ ಹತ್ತಿಸಿ ಆ ಮುಚ್ಚಳವನ್ನೇ ತೆಗೆಸಿದೆ. ಆಯಿ ಸೆರಗು ಸಿಕ್ಕಿಸಿ, ಬಗ್ಗಿ, ಟಾರ್ಚು ಬಿಟ್ಟು ನೋಡಿದಳು. ಆಮೇಲೆ ಮೂಸಿದಳು. ಸಮವಸ್ತ್ರದವರೆಲ್ಲ ಕಾಯುತ್ತಿದ್ದರು.

‘ವಾಸ್ನೆ ಇಲ್ಲ. ತಾಜಾ ಅದೆ’ ಎಂದಳು. ‘ಈಗ ಹಾಕು ಸೈ.’

ಅಂದು ಫೋನ್ ಮಾಡಿದ್ದ ಮೇಲಧಿಕಾರಿಯೇ ತಮ್ಮ ಜೇಬಿನ ಪೆನ್ನು ತೆಗೆದು ನನ್ನ ಕೈಗೆ ಕೊಟ್ಟರು. ನಾನು ಸಹಿ ಹಾಕಿದೆ.